ಟೇಬಲ್‌ಗಳು ಸಾವಿರಗಟ್ಟಲೆ ಬೆಳೆದಾಗ: ಬ್ಯಾಕಪ್ ನಿಲ್ಲುವುದರಿಂದ ಲೆಕ್ಕ ತಪ್ಪುವವರೆಗೆ, ದೋಷ ಹುಡುಕುವ ದಾರಿ

ಕೆಳಗಿನ ತೊಂದರೆಗಳಲ್ಲಿ ಒಂದೆರಡಾದರೂ ನಿಮ್ಮ ಡೇಟಾಬೇಸ್‌ನಲ್ಲಿ ಇದ್ದರೆ ಮುಂದೆ ಓದಿ. ರಾತ್ರಿ ಹೊತ್ತಿನ ಬ್ಯಾಕಪ್ ಇದ್ದಕ್ಕಿದ್ದಂತೆ ನಿಂತಿದೆ, ಲಾಗ್ ತೆರೆದರೆ 'ಔಟ್ ಆಫ್ ಶೇರ್ಡ್ ಮೆಮೊರಿ' ಅಂತಿದೆ. ತಿಂಗಳ ಒಂದನೇ ತಾರೀಕು ಬೆಳಿಗ್ಗೆ ಮಾತ್ರ ಯಾರೋ ಒಬ್ಬರಿಗೆ ಎರರ್ ಬರುತ್ತದೆ, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಎಲ್ಲ ಸರಿ. ವರ್ಷದ ವರದಿಯಲ್ಲಿ ಒಂದೇ ಒಂದು ಶಾಖೆಯ ಮೊತ್ತ ತಾಳೆಯಾಗುವುದಿಲ್ಲ. ಸರ್ವರ್‌ನ ಮೆಮೊರಿ ದಿನದಿಂದ ದಿನಕ್ಕೆ ಏರುತ್ತದೆ, ರೀಸ್ಟಾರ್ಟ್ ಮಾಡಿದರೆ ಇಳಿಯುತ್ತದೆ.

ನೋಡಿದರೆ ನಾಲ್ಕೂ ಬೇರೆ ಬೇರೆ ತೊಂದರೆ ಅನ್ನಿಸುತ್ತದೆ. ಹಾಗಾಗಿ ಒಬ್ಬರು ಮೆಮೊರಿ ಹೆಚ್ಚಿಸುತ್ತಾರೆ, ಇನ್ನೊಬ್ಬರು ಬ್ಯಾಕಪ್ ಸಮಯ ಬದಲಿಸುತ್ತಾರೆ, ಮತ್ತೊಬ್ಬರು ವರದಿಯ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ತಿದ್ದುತ್ತಾ ಕೂರುತ್ತಾರೆ. ಇವು ಒಟ್ಟಿಗೆ ಕಂಡಾಗ ನಾನು ಮೊದಲು ಕೈ ಹಾಕುವುದು ಟೇಬಲ್‌ಗಳ ಹೆಸರಿಗೆ. ಹೆಸರಿನೊಳಗೆ ತಾರೀಕೋ, ಶಾಖೆಯ ಸಂಖ್ಯೆಯೋ, ಗ್ರಾಹಕನ ಹೆಸರೋ ಸೇರಿಕೊಂಡಿದ್ದರೆ ದೋಷ ಅರ್ಧ ಸಿಕ್ಕಂತೆಯೇ. ಸಾಲಿನಲ್ಲಿ ಇರಬೇಕಾದ ಮಾಹಿತಿ ಹೆಸರಿಗೆ ಹತ್ತಿ ಕೂತಿದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ಮಾಡಿದ ಸಾಫ್ಟ್‌ವೇರ್. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸದಸ್ಯರು ಹಾಲು ಹಾಕುತ್ತಾರೆ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ), ದರ, ಮೊತ್ತ ದಾಖಲಾಗುತ್ತದೆ. ಬರೆದವರು ಪ್ರತಿ ಸಂಘಕ್ಕೂ ಪ್ರತಿ ತಿಂಗಳಿಗೂ ಒಂದು ಟೇಬಲ್ ತಾನೇ ಹುಟ್ಟುವ ಹಾಗೆ ಕೋಡ್ ಬರೆದಿದ್ದಾರೆ: 'ಹಾಲು_0412_2023_04', ಮುಂದಿನ ತಿಂಗಳು 'ಹಾಲು_0412_2023_05', ಹೀಗೆ. ಯಾಕೆ ಹೀಗೆ ಮಾಡುತ್ತಾರೆ ಅಂದರೆ, ಡೈರಿಯಲ್ಲಿ ತಿಂಗಳಿಗೊಂದು ರಿಜಿಸ್ಟರ್ ಇರುತ್ತದೆ ಅಲ್ವಾ, ಅದನ್ನೇ ಕಂಪ್ಯೂಟರಿಗೆ ಇಳಿಸಿದ್ದಾರೆ. ಮೊದಲ ವರ್ಷ ಇದು ಚೆನ್ನಾಗಿಯೇ ಓಡುತ್ತದೆ. ಹಾಗಾಗಿಯೇ ಯಾರಿಗೂ ಅನುಮಾನ ಬರುವುದಿಲ್ಲ.

ಮೊದಲು ಎಣಿಸಿ

ನಿಮ್ಮ ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್ ಆದರೆ 'ಪಿಜಿ_ಕ್ಲಾಸ್' ಎಂಬ ಕೆಟಲಾಗ್‌ನಲ್ಲಿ (ಡೇಟಾಬೇಸ್ ತನ್ನ ಬಗ್ಗೆ ತಾನೇ ಇಟ್ಟುಕೊಳ್ಳುವ ಪಟ್ಟಿ) ಎಲ್ಲ ಟೇಬಲ್‌ಗಳ ಹೆಸರಿರುತ್ತದೆ. ಮೈಎಸ್‌ಕ್ಯೂಎಲ್ ಆದರೆ 'ಇನ್ಫರ್ಮೇಶನ್ ಸ್ಕೀಮಾ'ದಲ್ಲಿ ನೋಡಿ. 8.0ಕ್ಕಿಂತ ಹಳೆಯ ಮೈಎಸ್‌ಕ್ಯೂಎಲ್‌ನಲ್ಲಿ ಸಾವಿರಾರು ಟೇಬಲ್ ಇದ್ದರೆ ಈ ಕ್ವೆರಿಯೇ ನಿಧಾನವಾಗಬಹುದು, ಒಂದೊಂದು ಟೇಬಲ್‌ನ ಫೈಲನ್ನೂ ತೆರೆದು ನೋಡಬೇಕಾಗುತ್ತದೆ. ಅದೂ ಒಂದು ಸುಳಿವೇ.

ಸುಮ್ನೆ ಒಟ್ಟು ಎಷ್ಟು ಅಂತ ಎಣಿಸಿದರೆ ಸಾಲದು. ಹೆಸರಿನಲ್ಲಿರುವ ಅಂಕಿಗಳನ್ನೆಲ್ಲ ರೆಜೆಕ್ಸ್‌ನಿಂದ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಒಂದು ಚಿಹ್ನೆಗೆ ಬದಲಿಸಿ, ಉಳಿದ ಹೆಸರಿನ ಮೇಲೆ ಗುಂಪು ಮಾಡಿ, ಆಮೇಲೆ ಎಣಿಸಿ. ಒಳ್ಳೆಯ ಡೇಟಾಬೇಸ್‌ನಲ್ಲಿ ಪ್ರತಿ ಗುಂಪಿನಲ್ಲೂ ಒಂದೇ ಟೇಬಲ್ ಬರುತ್ತದೆ. ನಮ್ಮ ಉದಾಹರಣೆಯಲ್ಲಿ 'ಹಾಲು_#_#_#' ಎಂಬ ಒಂದೇ ಗುಂಪಿಗೆ ಸಾವಿರಾರು ಟೇಬಲ್ ಬೀಳುತ್ತವೆ. ಹೆಸರಿನಲ್ಲಿ ಅಂಕಿಯ ಬದಲು ಊರಿನ ಹೆಸರಿದ್ದರೆ ಈ ಉಪಾಯ ನಡೆಯುವುದಿಲ್ಲ. ಆಗ ಮೊದಲ ಅಡಿಗೆರೆಯವರೆಗಿನ ಭಾಗವನ್ನಷ್ಟೇ ತೆಗೆದುಕೊಂಡು ಗುಂಪು ಮಾಡಿ.

ಗುಂಪಿನಲ್ಲಿ ಎರಡೋ ಮೂರೋ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಯಾರೋ 'ಸದಸ್ಯ_2' ಅಂತ ಹಳೆಯ ನಕಲು ಇಟ್ಟಿರುತ್ತಾರೆ. ನೂರು ದಾಟಿದರೆ ಅದು ಕೋಡ್ ಹುಟ್ಟಿಸಿದ ಸಂತಾನ.

ಬ್ಯಾಕಪ್ ಯಾಕೆ ನಿಂತಿತು

'ಔಟ್ ಆಫ್ ಶೇರ್ಡ್ ಮೆಮೊರಿ' ಓದಿದ ಕೂಡಲೇ ಮೆಮೊರಿ ಖರೀದಿಗೆ ಹೊರಡಬೇಡಿ. ಅದರ ಕೆಳಗಿನ ಸಾಲನ್ನೂ ಓದಿ. 'ಮ್ಯಾಕ್ಸ್_ಲಾಕ್ಸ್_ಪರ್_ಟ್ರಾನ್ಸಾಕ್ಷನ್' ಹೆಚ್ಚಿಸಬೇಕಾಗಬಹುದು ಅಂತ ಪೋಸ್ಟ್‌ಗ್ರೆಸ್ ತಾನೇ ಹೇಳಿರುತ್ತದೆ. ತುಂಬಿಹೋಗಿರುವುದು ಯಂತ್ರದ ಮೆಮೊರಿ ಅಲ್ಲ, ಲಾಕ್‌ಗಳ (ಬಳಸುತ್ತಿರುವ ಟೇಬಲನ್ನು ಬೇರೆಯವರು ಬದಲಿಸದಂತೆ ಹಾಕುವ ಬೀಗ) ಪಟ್ಟಿಗೆ ಮೀಸಲಿಟ್ಟ ಜಾಗ.

ಲೆಕ್ಕ ಹೀಗಿದೆ. ಈ ಸೆಟ್ಟಿಂಗ್‌ನ ಡಿಫಾಲ್ಟ್ ಬೆಲೆ 64. ಕನೆಕ್ಷನ್‌ಗಳ ಮಿತಿ ಡಿಫಾಲ್ಟ್ ಆಗಿ 100. ಎರಡನ್ನೂ ಗುಣಿಸಿದರೆ 6,400 ಲಾಕ್‌ಗೆ ಜಾಗ, ಸ್ವಲ್ಪ ಹೆಚ್ಚುವರಿ ಸಡಿಲ ಬಿಟ್ಟರೆ ಅಷ್ಟೇ. ಬ್ಯಾಕಪ್ ತೆಗೆಯುವ 'ಪಿಜಿ_ಡಂಪ್' ತಾನು ಓದುವ ಪ್ರತಿ ಟೇಬಲ್‌ಗೂ ಒಂದು ಲಾಕ್ ಹಾಕುತ್ತದೆ, ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಎಂಬ ಕೆಲಸಗಳ ಕಟ್ಟು) ಹಿಡಿದಿಟ್ಟುಕೊಳ್ಳುತ್ತದೆ. 200 ಸಂಘ, 12 ತಿಂಗಳು ಅಂದರೆ ವರ್ಷಕ್ಕೆ 2,400 ಟೇಬಲ್. ಎರಡು ವರ್ಷಕ್ಕೆ 4,800, ಮೂರನೇ ವರ್ಷ ಮುಗಿಯುವಷ್ಟರಲ್ಲಿ 7,200. ಎರಡು ವರ್ಷ ಏನೂ ಆಗದೆ ಮೂರನೇ ವರ್ಷ ಒಂದು ರಾತ್ರಿ ಬ್ಯಾಕಪ್ ಬಿದ್ದರೆ 'ನಾವು ಏನೂ ಮುಟ್ಟಿಲ್ಲ' ಅಂತ ಎಲ್ಲರೂ ಹೇಳುವುದು ನಿಜವೇ. ಯಾರೂ ಮುಟ್ಟಬೇಕಾಗಿಲ್ಲ. ಕ್ಯಾಲೆಂಡರ್ ಮುಟ್ಟಿದೆ.

ವರ್ಷದ ವರದಿಗೂ ಇದೇ ಗತಿ. ಎಲ್ಲ ಟೇಬಲ್‌ಗಳನ್ನು 'ಯೂನಿಯನ್ ಆಲ್' ಹಾಕಿ ಪೋಣಿಸಿದ ಕ್ವೆರಿ ಟೇಬಲ್‌ಗಳಿಗೂ ಅವುಗಳ ಇಂಡೆಕ್ಸ್‌ಗಳಿಗೂ (ಬೇಗ ಹುಡುಕಲು ಇಡುವ ಸೂಚಿ) ಲಾಕ್ ಕೇಳುತ್ತದೆ. ಜೊತೆಗೆ ಪ್ರತಿ ಕನೆಕ್ಷನ್ ತಾನು ಮುಟ್ಟಿದ ಟೇಬಲ್‌ಗಳ ವಿವರವನ್ನು ತನ್ನ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ಮತ್ತೆ ಮತ್ತೆ ಬಳಸಲು ತೆರೆದಿಟ್ಟ ಪೂಲ್‌ನಲ್ಲಿ ಕನೆಕ್ಷನ್‌ಗಳು ದಿನಗಟ್ಟಲೆ ಬದುಕಿದ್ದರೆ ಒಂದೊಂದೂ ಊದಿಕೊಳ್ಳುತ್ತಾ ಹೋಗುತ್ತದೆ. ರೀಸ್ಟಾರ್ಟ್ ಮಾಡಿದಾಗ ಮೆಮೊರಿ ಇಳಿಯುತ್ತಿದ್ದದ್ದು ಇದಕ್ಕೇ.

ಸದ್ಯಕ್ಕೆ ಬ್ಯಾಕಪ್ ನಡೆಯಬೇಕು, ಅದು ಎಲ್ಲಕ್ಕಿಂತ ಮುಖ್ಯ. ಹಾಗಾಗಿ 64 ಇದ್ದದ್ದನ್ನು 256 ಮಾಡಿ, ಸರ್ವರ್ ರೀಸ್ಟಾರ್ಟ್ ಮಾಡಿ, ಬ್ಯಾಕಪ್ ತೆಗೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಇಲ್ಲದೆ ಈ ಸೆಟ್ಟಿಂಗ್ ಬದಲಾಗುವುದಿಲ್ಲ. ಆದರೆ ಇಲ್ಲಿಗೇ ಕೆಲಸ ಮುಗಿಯಿತು ಅಂದುಕೊಂಡರೆ ಇನ್ನು ಕೆಲವು ವರ್ಷಕ್ಕೆ ಮತ್ತೆ ಇದೇ ಎರರ್.

ಮೈಎಸ್‌ಕ್ಯೂಎಲ್‌ನಲ್ಲಿ ಲಕ್ಷಣ ಬೇರೆ ಥರ ಕಾಣುತ್ತದೆ. ಅಲ್ಲಿ ಡೇಟಾ ಸಂಗ್ರಹಿಸುವ ಭಾಗವಾದ ಇನ್ನೊಡಿಬಿ ಡಿಫಾಲ್ಟ್ ಆಗಿ ಪ್ರತಿ ಟೇಬಲ್‌ಗೂ ಒಂದು ಫೈಲ್ ಮಾಡುತ್ತದೆ. 'ಟೂ ಮೆನಿ ಓಪನ್ ಫೈಲ್ಸ್' ಬರಬಹುದು. ಇಲ್ಲವೇ 'ಓಪನ್ಡ್_ಟೇಬಲ್ಸ್' ಎಂಬ ಎಣಿಕೆ ನಿಲ್ಲದೆ ಏರುತ್ತಿರುತ್ತದೆ, ಅಂದರೆ ಕ್ಯಾಶ್‌ನಲ್ಲಿ ಜಾಗ ಸಾಲದೆ ಟೇಬಲ್‌ಗಳನ್ನು ಮುಚ್ಚುವುದು ತೆರೆಯುವುದೇ ಕೆಲಸವಾಗಿದೆ.

ಒಂದನೇ ತಾರೀಕಿನ ಎರರ್

ಬೆಳಿಗ್ಗೆ ಹಾಲು ಹಾಕುವ ಹೊತ್ತು. ಸಂಘದಲ್ಲಿ ಎರಡು ಕೌಂಟರ್. ಏಪ್ರಿಲ್ ಒಂದನೇ ತಾರೀಕು ಮೊದಲ ಸದಸ್ಯರ ನಮೂದು ಎರಡೂ ಕಡೆ ಒಂದೇ ಕ್ಷಣಕ್ಕೆ ಬಿತ್ತು. ಎರಡೂ ಕೋಡ್ 'ಏಪ್ರಿಲ್ ಟೇಬಲ್ ಇದೆಯಾ?' ಅಂತ ನೋಡಿತು, ಎರಡಕ್ಕೂ 'ಇಲ್ಲ' ಅಂತ ಉತ್ತರ ಬಂತು, ಎರಡೂ ಟೇಬಲ್ ಮಾಡಲು ಹೊರಟಿತು. ಒಂದು ಗೆದ್ದಿತು, ಇನ್ನೊಂದಕ್ಕೆ ಎರರ್.

'ಇಫ್ ನಾಟ್ ಎಕ್ಸಿಸ್ಟ್ಸ್' (ಇಲ್ಲದಿದ್ದರೆ ಮಾತ್ರ ಮಾಡು) ಹಾಕಿದ್ದೇವಲ್ಲ ಅಂತ ಕೇಳುತ್ತೀರಿ. ಪೋಸ್ಟ್‌ಗ್ರೆಸ್‌ನಲ್ಲಿ ಅದಿದ್ದರೂ ಇಬ್ಬರು ಏಕಕಾಲಕ್ಕೆ ಬಂದರೆ 'ಡುಪ್ಲಿಕೇಟ್ ಕೀ' ಎರರ್ ಬರಬಹುದು. ಎರರ್‌ನಲ್ಲಿ 'ಪಿಜಿ_ಟೈಪ್' ಎಂದು ಶುರುವಾಗುವ ಇಂಡೆಕ್ಸ್ ಹೆಸರು ಕಂಡರೆ ಅನುಮಾನವೇ ಬೇಡ. ನಿಮ್ಮ ಟೇಬಲ್‌ನ ಕೀ ಅಲ್ಲ ಅದು, ಪೋಸ್ಟ್‌ಗ್ರೆಸ್‌ನ ಸ್ವಂತ ಕೆಟಲಾಗ್‌ನದು. ಎರಡು ಕನೆಕ್ಷನ್ ಒಂದೇ ಹೆಸರಿನ ಟೇಬಲ್ ಹುಟ್ಟಿಸಲು ಹೋಗಿವೆ.

ಮೈಎಸ್‌ಕ್ಯೂಎಲ್‌ನಲ್ಲಿ ಇನ್ನೂ ಕೆಟ್ಟದ್ದು ನಡೆಯುತ್ತದೆ, ಅದೂ ಸದ್ದಿಲ್ಲದೆ. ಅಲ್ಲಿ 'ಕ್ರಿಯೇಟ್ ಟೇಬಲ್' ಓಡಿದ ಕೂಡಲೇ ಅಲ್ಲಿಯವರೆಗಿನ ಟ್ರಾನ್ಸಾಕ್ಷನ್ ತಾನಾಗಿಯೇ ಕಮಿಟ್ (ಕಾಯಂ) ಆಗಿಬಿಡುತ್ತದೆ. ಬಟವಾಡೆ ಪಟ್ಟಿ ಬರೆಯುವ ನಡುವೆ ಕೋಡ್ ಹೊಸ ತಿಂಗಳ ಟೇಬಲ್ ಮಾಡಲು ಹೋಯಿತು ಅಂದುಕೊಳ್ಳಿ. ಪಶು ಆಹಾರದ ಕಡಿತ ಬರೆದಾಗಿದೆ, ಹಾಲಿನ ಮೊತ್ತ ಇನ್ನೂ ಬರೆದಿಲ್ಲ. ಅಷ್ಟರಲ್ಲಿ ಏನೋ ಎರರ್ ಬಂದು ರೋಲ್‌ಬ್ಯಾಕ್ ಮಾಡಿದರೆ (ಬರೆದದ್ದನ್ನು ಹಿಂದಕ್ಕೆ ತೆಗೆದರೆ) ಕಡಿತ ಹಾಗೇ ಉಳಿಯುತ್ತದೆ. ರೈತನಿಗೆ ಕಡಿತ ಮಾತ್ರ ಆಗಿರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ ಮಾಡಿದ್ದೂ ರೋಲ್‌ಬ್ಯಾಕ್ ಆಗುತ್ತದೆ, ಹಾಗಾಗಿ ಈ ತೊಂದರೆ ಅಲ್ಲಿಲ್ಲ. ತಿಂಗಳ ಮೊದಲ ದಿನದ ಅರ್ಧಂಬರ್ಧ ನಮೂದುಗಳು ನಿಮ್ಮಲ್ಲಿದ್ದು ಡೇಟಾಬೇಸ್ ಮೈಎಸ್‌ಕ್ಯೂಎಲ್ ಆಗಿದ್ದರೆ ಮೊದಲು ಇಲ್ಲಿ ಹುಡುಕಿ.

ಒಂದೇ ಸಂಘದ ಲೆಕ್ಕ ಯಾಕೆ ತಪ್ಪಿತು

ಇದಕ್ಕೆ ಎರಡು ಕಾರಣ ಇರಬಹುದು. ಸಾಮಾನ್ಯವಾದದ್ದು ಮೊದಲು: ಟೇಬಲ್‌ಗಳು ಒಂದೇ ಥರ ಉಳಿದಿಲ್ಲ. ಯಾರೋ ಒಮ್ಮೆ ಎಸ್‌ಎನ್‌ಎಫ್ ಕಾಲಂ ಸೇರಿಸಿದರು, ಹೊಸ ಟೇಬಲ್‌ಗಳಿಗೆ ಬಂತು, ಹಳೆಯವಕ್ಕೆ ಬರಲಿಲ್ಲ. ಒಂದು ಸಂಘದ ಕಾರ್ಯದರ್ಶಿ ಫೋನ್ ಮಾಡಿದರು ಅಂತ ಅವರ ಟೇಬಲ್‌ನಲ್ಲಿ ಮಾತ್ರ ಫ್ಯಾಟ್ ಕಾಲಂ ಅನ್ನು ಅಂಕಿಯಿಂದ ಪಠ್ಯಕ್ಕೆ ಬದಲಿಸಿದರು.

ಕಣ್ಣಲ್ಲಿ ನೋಡಿ ಇದನ್ನು ಹಿಡಿಯಲಾಗುವುದಿಲ್ಲ. ಹೀಗೆ ಮಾಡಿ. ಪ್ರತಿ ಟೇಬಲ್‌ನ ಕಾಲಂ ಹೆಸರು ಮತ್ತು ಅದರ ಬಗೆಯನ್ನು ಕ್ರಮವಾಗಿ ಜೋಡಿಸಿ ಒಂದು ಉದ್ದ ಪಠ್ಯ ಮಾಡಿ. ಅದಕ್ಕೆ ಎಂಡಿ5 (ಪಠ್ಯದಿಂದ ಲೆಕ್ಕ ಹಾಕಿದ ಚಿಕ್ಕ ಗುರುತು) ತೆಗೆಯಿರಿ. ಈಗ ಎಂಡಿ5 ಬೆಲೆಯ ಮೇಲೆ ಗುಂಪು ಮಾಡಿ ಎಣಿಸಿ. ಒಂದೇ ಸಾಲು ಬಂದರೆ ನೀವು ಪುಣ್ಯವಂತರು. ಸಾಮಾನ್ಯವಾಗಿ ದೊಡ್ಡದೊಂದು ಗುಂಪು, ಮಧ್ಯಮದ್ದೊಂದು, ಆಮೇಲೆ ಒಂದೊಂದೇ ಟೇಬಲ್ ಇರುವ ಚಿಲ್ಲರೆ ಗುಂಪುಗಳು ಬರುತ್ತವೆ. ಲೆಕ್ಕ ತಪ್ಪಿದ ಸಂಘ ಬಹುತೇಕ ಆ ಚಿಲ್ಲರೆಯಲ್ಲಿ ಇರುತ್ತದೆ.

ಎರಡನೇ ಕಾರಣ ಅಪರೂಪದ್ದು, ಆದರೆ ಸಿಕ್ಕಿದರೆ ಬೆವರಿಳಿಯುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಹೆಸರಿಗೆ 63 ಬೈಟ್ ಮಿತಿ. ಅದಕ್ಕಿಂತ ಉದ್ದ ಕೊಟ್ಟರೆ ಎರರ್ ಬರುವುದಿಲ್ಲ. ಹೆಸರನ್ನು ಕತ್ತರಿಸಿ, ಒಂದು ನೋಟಿಸ್ ಕೊಟ್ಟು ಮುಂದೆ ಹೋಗುತ್ತದೆ. ನೋಟಿಸ್ ಯಾರು ಓದುತ್ತಾರೆ ಹೇಳಿ.

ಈಗ ಟೇಬಲ್ ಹೆಸರಿನಲ್ಲಿ ಸಂಘದ ಸಂಖ್ಯೆಯ ಬದಲು ಪೂರ್ತಿ ಹೆಸರು ಇಟ್ಟಿದ್ದಾರೆ ಅಂದುಕೊಳ್ಳಿ, ಇಂಗ್ಲಿಷ್ ಅಕ್ಷರದಲ್ಲಿ. 'ಮಿಲ್ಕ್ ಕಲೆಕ್ಷನ್' ಅಡಿಗೆರೆ ಸೇರಿ 16 ಅಕ್ಷರ. 'ಹಾಲು ಉತ್ಪಾದಕರ' ಇನ್ನೂ 16. 'ಮಹಿಳಾ' 7, 'ಸಹಕಾರ' 9, 'ಸಂಘ' 7. ಒಟ್ಟು 55. ಉಳಿದದ್ದು 8. ಊರು ಹೊಸಹಳ್ಳಿ ಅಂತಾದರೆ ಅದಕ್ಕೇ 9 ಅಕ್ಷರ ಬೇಕು. ಊರಿನ ಕೊನೆಯ ಅಕ್ಷರ, ವರ್ಷ, ತಿಂಗಳು ಎಲ್ಲ ಕತ್ತರಿಸಿಹೋಗುತ್ತವೆ. ಮಾರ್ಚ್‌ನಲ್ಲಿ ಟೇಬಲ್ ಆಯಿತು. ಏಪ್ರಿಲ್‌ನಲ್ಲಿ ಹೊಸ ಹೆಸರು ಕೊಟ್ಟರೂ ಕತ್ತರಿಸಿದ ಮೇಲೆ ಅದೇ ಹೆಸರು. 'ಇಫ್ ನಾಟ್ ಎಕ್ಸಿಸ್ಟ್ಸ್' ಇರುವುದರಿಂದ 'ಆಗಲೇ ಇದೆ' ಅಂತ ಸುಮ್ಮನಾಗುತ್ತದೆ. ಎರಡು ತಿಂಗಳ ಹಾಲು ಒಂದೇ ಟೇಬಲ್‌ಗೆ ಹರಿಯುತ್ತದೆ. ಏಪ್ರಿಲ್ ವರದಿ ತೆಗೆದರೆ ಮಾರ್ಚ್ ಕೂಡ ಸೇರಿ ಬರುತ್ತದೆ, ಯಾಕೆಂದರೆ ತಾರೀಕಿನ ಷರತ್ತು ಹಾಕುವ ಅಗತ್ಯವೇ ಕೋಡ್ ಬರೆದವರಿಗೆ ಕಂಡಿರಲಿಲ್ಲ. ಹೆಸರನ್ನು ಕನ್ನಡ ಲಿಪಿಯಲ್ಲಿ ಇಟ್ಟರೆ ಇನ್ನೂ ಬೇಗ ಮುಗಿಯುತ್ತದೆ. ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ಒತ್ತು, ಕೊಂಬು, ದೀರ್ಘ ಎಲ್ಲ ಬೇರೆ ಬೇರೆ ಲೆಕ್ಕ. 21 ಚಿಹ್ನೆಗೆ ಬಾಗಿಲು ಬಂದ್.

ಹುಡುಕುವುದು ಸುಲಭ: ಹೆಸರಿನ ಉದ್ದ ಸರಿಯಾಗಿ 63 ಬೈಟ್ ಇರುವ ಟೇಬಲ್‌ಗಳನ್ನು ಪಟ್ಟಿ ಮಾಡಿ. ಕನ್ನಡ ಹೆಸರಾದರೆ 61, 62 ಬೈಟ್‌ನವನ್ನೂ ನೋಡಿ. ಮೈಎಸ್‌ಕ್ಯೂಎಲ್‌ನ ಮಿತಿ 64 ಅಕ್ಷರ, ಅದು ಮೀರಿದರೆ ಎರರ್ ಕೊಡುತ್ತದೆ. ಈ ಒಂದು ವಿಷಯದಲ್ಲಿ ಮೈಎಸ್‌ಕ್ಯೂಎಲ್ ಮೇಲು.

ಕೋಡ್‌ನಲ್ಲಿ ಎಲ್ಲೆಲ್ಲಿ ಟೇಬಲ್ ಹುಟ್ಟುತ್ತಿದೆ

'ಕ್ರಿಯೇಟ್ ಟೇಬಲ್' ಅಂತ ಕೋಡ್‌ನಲ್ಲಿ ಹುಡುಕಿದರೆ ಕೆಲವು ಸಿಗುತ್ತವೆ, ಎಲ್ಲವೂ ಸಿಗುವುದಿಲ್ಲ. ತುಂಡು ತುಂಡು ಪಠ್ಯ ಜೋಡಿಸಿ ಮಾಡಿದವು ತಪ್ಪಿಸಿಕೊಳ್ಳುತ್ತವೆ. ಅದಕ್ಕಿಂತ ಒಳ್ಳೆಯ ದಾರಿ: ಟೆಸ್ಟ್ ಸರ್ವರ್‌ನಲ್ಲಿ ಅಪ್ಲಿಕೇಶನ್ ಬಳಸುವ ಯೂಸರ್‌ನಿಂದ ಟೇಬಲ್ ಮಾಡುವ ಹಕ್ಕನ್ನೇ ಕಿತ್ತುಕೊಳ್ಳಿ. ಆಮೇಲೆ ಹಾಲು ನಮೂದು, ಬಟವಾಡೆ, ವರದಿ ಎಲ್ಲ ಒಂದು ಸುತ್ತು ಓಡಿಸಿ. ಎಲ್ಲೆಲ್ಲಿ 'ಪರ್ಮಿಶನ್ ಡಿನೈಡ್' ಬರುತ್ತದೋ ಅಲ್ಲೆಲ್ಲ ಟೇಬಲ್ ಹುಟ್ಟುತ್ತಿತ್ತು. ಹುಡುಕಾಟದ ಕೆಲಸವನ್ನು ಡೇಟಾಬೇಸೇ ಮಾಡಿಕೊಡುತ್ತದೆ.

ಅಂದ ಹಾಗೆ, 2022ರಲ್ಲಿ ಬಂದ ಪೋಸ್ಟ್‌ಗ್ರೆಸ್ 15ರಲ್ಲಿ ಹೊಸದಾಗಿ ಮಾಡಿದ ಡೇಟಾಬೇಸ್‌ನ 'ಪಬ್ಲಿಕ್' ಸ್ಕೀಮಾದಲ್ಲಿ (ಟೇಬಲ್‌ಗಳನ್ನು ಇಡುವ ವಿಭಾಗ) ಎಲ್ಲರಿಗೂ ಟೇಬಲ್ ಮಾಡುವ ಹಕ್ಕು ಇಲ್ಲ. ಹಳೆಯ ಸಾಫ್ಟ್‌ವೇರನ್ನು ಹೊಸ ಸರ್ವರ್‌ನಲ್ಲಿ ಮೊದಲಿಂದ ಕೂರಿಸಿದಾಗ ಇದ್ದಕ್ಕಿದ್ದಂತೆ ಮುರಿದುಬಿದ್ದರೆ ಇದೂ ಒಂದು ಕಾರಣ. ಇಂಟರ್‌ನೆಟ್‌ನಲ್ಲಿ ಸಿಗುವ ಪರಿಹಾರ 'ಹಕ್ಕು ವಾಪಸ್ ಕೊಡಿ' ಅನ್ನುತ್ತದೆ. ಕೊಡುವ ಮುಂಚೆ ಆ ಹಕ್ಕು ಯಾಕೆ ಬೇಕಾಯಿತು ಅಂತ ನೋಡಿ.

ಇನ್ನೊಂದನ್ನೂ ಈಗಲೇ ನೋಡಿಬಿಡಿ. ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ನ (ಬೆಲೆಗಳ ಜಾಗ ಖಾಲಿ ಬಿಟ್ಟು ಮೊದಲೇ ಸಿದ್ಧಮಾಡಿದ ಕ್ವೆರಿ) ಪ್ರಶ್ನಾರ್ಥಕ ಚಿಹ್ನೆಯ ಜಾಗದಲ್ಲಿ ಬೆಲೆ ಇಡಬಹುದು, ಟೇಬಲ್ ಹೆಸರು ಇಡಲಾಗುವುದಿಲ್ಲ. ಹಾಗಾಗಿ ಹೆಸರು ಬದಲಾಗುವ ಕಡೆ ಎಲ್ಲರೂ ಪಠ್ಯ ಜೋಡಿಸಲೇಬೇಕು. ಸಂಘದ ಸಂಖ್ಯೆ ಬ್ರೌಸರ್‌ನಿಂದ ನೇರವಾಗಿ ಬಂದು ಅಲ್ಲಿ ಸೇರುತ್ತಿದ್ದರೆ ಅದು ಇಂಜೆಕ್ಷನ್‌ಗೆ (ಹೊರಗಿನವರು ತಮ್ಮ ಆಜ್ಞೆ ತೂರಿಸುವುದಕ್ಕೆ) ತೆರೆದ ಬಾಗಿಲು. ಆ ಯೂಸರ್‌ಗೆ ಟೇಬಲ್ ಅಳಿಸುವ ಹಕ್ಕೂ ಇರಬಹುದು ಅನ್ನುವುದು ಮರೆಯಬೇಡಿ. ಪೂರ್ತಿ ದುರಸ್ತಿ ಆಗುವವರೆಗೆ ಬಂದ ಸಂಖ್ಯೆಯನ್ನು ಸಂಘಗಳ ಟೇಬಲ್‌ನಲ್ಲಿ ಇದೆಯೇ ಅಂತ ನೋಡಿ, ಅಲ್ಲಿಂದ ಓದಿದ ಬೆಲೆಯನ್ನೇ ಬಳಸಿ.

ಇರಬೇಕಾದ ಟೇಬಲ್

ಹಾಲಿಗೆ ಒಂದೇ ಟೇಬಲ್ ಸಾಕು. ಸಂಘದ ಸಂಖ್ಯೆ, ಸದಸ್ಯ ಸಂಖ್ಯೆ, ತಾರೀಕು, ಬೆಳಿಗ್ಗೆಯೋ ಸಂಜೆಯೋ, ಹಸುವಿನದೋ ಎಮ್ಮೆಯದೋ. ಈ ಐದೂ ಸೇರಿ ಪ್ರೈಮರಿ ಕೀ, ಅಂದರೆ ಎರಡು ಸಾಲಿಗೆ ಒಂದೇ ಇರಬಾರದ ಗುರುತು. ಆಮೇಲೆ ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ. ಐದೂ 'ನ್ಯೂಮರಿಕ್' ಆಗಿರಲಿ. ಫ್ಲೋಟ್ (ದಶಮಾಂಶವನ್ನು ಅಂದಾಜಿನಲ್ಲಿ ಇಡುವ ಬಗೆ) ಬೇಡ, ಪೈಸೆ ಲೆಕ್ಕ ತಪ್ಪುತ್ತದೆ.

ಕೀಯಲ್ಲಿ ಹಾಲಿನ ಬಗೆ ಯಾಕೆ ಅಂದರೆ, ಒಬ್ಬರೇ ಸದಸ್ಯರು ಒಂದೇ ಹೊತ್ತಿಗೆ ಎರಡೂ ಬಗೆಯ ಹಾಲು ತರಬಹುದು. ಸದಸ್ಯ ಸಂಖ್ಯೆ 47 ಎಲ್ಲ ಸಂಘದಲ್ಲೂ ಇರುತ್ತಾರೆ, ಹಾಗಾಗಿ ಸದಸ್ಯರ ಟೇಬಲ್‌ಗೆ ಫಾರಿನ್ ಕೀ (ಬೇರೆ ಟೇಬಲ್‌ನ ಸಾಲಿಗೆ ಕೊಂಡಿ) ಹಾಕುವಾಗ ಸಂಘ ಮತ್ತು ಸದಸ್ಯ ಎರಡೂ ಸೇರಿಯೇ ಹೋಗಬೇಕು. ದರದ ಚಾರ್ಟ್ ಬೇರೆ ಟೇಬಲ್‌ನಲ್ಲಿ ಇದ್ದರೂ ಆ ದಿನ ಹಾಕಿದ ದರವನ್ನು ಈ ಸಾಲಿನಲ್ಲೂ ಬರೆದಿಡಿ. ಚೀಟಿಯಲ್ಲಿ ರೈತನಿಗೆ ಕೊಟ್ಟ ದರ ಅದು. ಮುಂದೆ ಚಾರ್ಟ್ ಬದಲಾದರೂ ಅದು ಬದಲಾಗಬಾರದು.

ತಿಂಗಳಿಗೆ ಕಾಲಂ ಬೇಡ, ತಾರೀಕಿನಲ್ಲೇ ಇದೆ. ವಾರಕ್ಕೊಮ್ಮೆ ಬಟವಾಡೆ ಮಾಡುವ ಕಡೆ ವಾರ ಎರಡು ತಿಂಗಳಿಗೆ ಹಂಚಿಹೋದರೂ ಈಗ ಚಿಂತೆಯಿಲ್ಲ. ಹಳೆಯ ವಿನ್ಯಾಸದಲ್ಲಿ ಅದೇ ಒಂದು ದೊಡ್ಡ ತಲೆನೋವಾಗಿತ್ತು.

ಕಡಿತಗಳ ವಿಷಯದಲ್ಲೂ ಇದೇ ರೋಗ ಬೇರೆ ರೂಪದಲ್ಲಿ ಇರುತ್ತದೆ. ಒಂದು ಸಂಘಕ್ಕೆ ಪಶು ಆಹಾರ, ಇನ್ನೊಂದಕ್ಕೆ ಸಾಲದ ಕಂತು, ಮತ್ತೊಂದಕ್ಕೆ ಜಾತ್ರೆ ವಂತಿಗೆ. ಪ್ರತಿಯೊಂದಕ್ಕೂ ಕೋಡ್ ಹೊಸ ಕಾಲಂ ಹುಟ್ಟಿಸುತ್ತಿದ್ದರೆ ನಿಲ್ಲಿಸಿ. ಕಡಿತದ ಬಗೆಗಳಿಗೆ ಒಂದು ಟೇಬಲ್, ಕಡಿತಗಳಿಗೆ ಒಂದು ಟೇಬಲ್. ಹೊಸ ಬಗೆ ಬಂದರೆ ಒಂದು ಸಾಲು ಸೇರುತ್ತದೆ, ಅಷ್ಟೇ.

'ಒಂದೇ ಟೇಬಲ್ ಆದರೆ ನಿಧಾನ ಆಗಲ್ವಾ?' ಎಲ್ಲರೂ ಕೇಳುವ ಪ್ರಶ್ನೆ. ಲೆಕ್ಕ ಹಾಕಿ. ಸಂಘಕ್ಕೆ 150 ಸದಸ್ಯರು, ದಿನಕ್ಕೆ ಎರಡು ಹೊತ್ತು, 365 ದಿನ: 1,09,500 ಸಾಲು. 200 ಸಂಘಕ್ಕೆ ವರ್ಷಕ್ಕೆ ಸುಮಾರು 2.19 ಕೋಟಿ ಸಾಲು. ಸಾಲಿಗೆ 100 ಬೈಟ್ ಹಿಡಿದರೆ 2 ಜಿಬಿ ಚಿಲ್ಲರೆ, ಇಂಡೆಕ್ಸ್ ಬೇರೆ. ಬಿ-ಟ್ರೀ ಇಂಡೆಕ್ಸ್‌ನಲ್ಲಿ ಕೋಟಿಗಟ್ಟಲೆ ಸಾಲಿನ ನಡುವೆ ಒಂದನ್ನು ಹುಡುಕಲು ನಾಲ್ಕೈದು ಪುಟ ಓದಿದರೆ ಸಾಕು. ಇದು ಡೇಟಾಬೇಸ್‌ಗೆ ದಿನನಿತ್ಯದ ಕೆಲಸ. ಟೇಬಲ್‌ನ ಗಾತ್ರ ಸರ್ವರ್‌ನ ಮೆಮೊರಿ ಮೀರುವ ಹೊತ್ತಿಗೆ ಪಾರ್ಟಿಶನ್ (ಒಂದೇ ಟೇಬಲನ್ನು ಒಳಗೆ ಭಾಗ ಮಾಡುವುದು) ಬಗ್ಗೆ ಯೋಚಿಸಿ ಅಂತ ಪೋಸ್ಟ್‌ಗ್ರೆಸ್ ಕೈಪಿಡಿಯೇ ಹೇಳುತ್ತದೆ. ಅಷ್ಟಕ್ಕೆ ಇಲ್ಲಿ ಇನ್ನೂ ವರ್ಷಗಳಿವೆ. ಆ ದಿನ ಬಂದಾಗ ತಿಂಗಳಿಗೊಂದರ ಬದಲು ವರ್ಷಕ್ಕೊಂದು ಪಾರ್ಟಿಶನ್ ಮಾಡಿ, ಯಾಕೆಂದರೆ ಬ್ಯಾಕಪ್‌ಗೆ ಪ್ರತಿ ಪಾರ್ಟಿಶನ್ ಕೂಡ ಒಂದು ಲಾಕೇ.

ಓಡುವಾಗ ಟೇಬಲ್ ಮಾಡುವುದೇ ಪಾಪ ಅಂತೇನಿಲ್ಲ. ದೊಡ್ಡ ವರದಿಗೆ ತಾತ್ಕಾಲಿಕ ಟೇಬಲ್, ಹೊರಗಿನ ಫೈಲ್ ತುಂಬಿಕೊಳ್ಳಲು ಒಂದು ಸ್ಟೇಜಿಂಗ್ ಟೇಬಲ್ ಸರಿಯೇ. ಒಬ್ಬ ಗ್ರಾಹಕನ ಡೇಟಾ ಪೂರ್ತಿ ಬೇರೆಯೇ ಇರಬೇಕು ಅಂತ ಕರಾರಿನಲ್ಲಿ ಇದ್ದರೆ ಬೇರೆ ಡೇಟಾಬೇಸೇ ಕೊಡಿ.

ಸಾಗಿಸುವಾಗ

ಎಂಡಿ5 ಗುಂಪುಗಳ ಪಟ್ಟಿ ಈಗ ಕೆಲಸಕ್ಕೆ ಬರುತ್ತದೆ. ಗುಂಪಿಗೊಂದು ಸ್ಕ್ರಿಪ್ಟ್ ಬರೆದರೆ ಸಾಕು. ಹೆಸರಿನಿಂದ ಸಂಘದ ಸಂಖ್ಯೆ ಕಿತ್ತು ಸಾಲಿಗೆ ಸೇರಿಸಿ, ಹೊಸ ಟೇಬಲ್‌ಗೆ ಹಾಕಿ. ತಾರೀಕನ್ನು ಹೆಸರಿನಿಂದ ತೆಗೆಯಬೇಡಿ, ಸಾಲಿನಿಂದಲೇ ತೆಗೆಯಿರಿ. ಹೆಸರು ಕತ್ತರಿಸಿದ ಟೇಬಲ್‌ಗಳ ಕಥೆ ನೋಡಿದಿರಲ್ಲ. ಪಠ್ಯವಾಗಿದ್ದ ಫ್ಯಾಟ್ ಕಾಲಂನಲ್ಲಿ ಖಾಲಿ ಪಠ್ಯ, ಚುಕ್ಕೆಯ ಬದಲು ಅಲ್ಪವಿರಾಮ ಖಂಡಿತ ಸಿಗುತ್ತವೆ. ಅವನ್ನು ಮೊದಲೇ ಹುಡುಕಿ ಪಟ್ಟಿ ಮಾಡಿ ಸಂಘದವರಿಗೆ ತೋರಿಸಿ. ನೀವೇ ಊಹಿಸಿ ತುಂಬಬೇಡಿ, ಅದು ಬೇರೆಯವರ ದುಡ್ಡು.

ಪ್ರೈಮರಿ ಕೀ ತಕರಾರು ಮಾಡಿದರೆ ಖುಷಿಪಡಿ. ಒಂದೇ ಹೊತ್ತಿಗೆ ಎರಡು ಸಲ ದಾಖಲಾದ ಹಾಲು ಅಲ್ಲಿ ಸಿಕ್ಕಿಬಿತ್ತು. ಪ್ರತಿ ಹಳೆಯ ಟೇಬಲ್‌ಗೂ ಸಾಲುಗಳ ಎಣಿಕೆ, ಲೀಟರ್ ಮೊತ್ತ, ರೂಪಾಯಿ ಮೊತ್ತ ಮೂರನ್ನೂ ಹೊಸದರ ಜೊತೆ ತಾಳೆ ನೋಡಿ. ಎಣಿಕೆ ಮಾತ್ರ ನೋಡಿದರೆ ಸಾಲದು.

ಹಳೆಯ ವರದಿಗಳನ್ನು ಒಂದೇ ದಿನ ಬದಲಿಸಲಾಗದಿದ್ದರೆ ಹಳೆಯ ಟೇಬಲ್‌ಗೆ ಬೇರೆ ಹೆಸರಿಟ್ಟು, ಹಳೆಯ ಹೆಸರಿನಲ್ಲಿ ಹೊಸ ಟೇಬಲ್‌ನಿಂದ ಓದುವ ಒಂದು ವ್ಯೂ (ಟೇಬಲ್‌ನಂತೆ ಕಾಣುವ, ಉಳಿಸಿಟ್ಟ ಕ್ವೆರಿ) ಮಾಡಿ. ಓದುವ ಕೋಡ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಬರೆಯುವ ಕೋಡ್ ಮಾತ್ರ ಹೊಸ ಟೇಬಲ್‌ಗೇ ಬರೆಯಬೇಕು. ವ್ಯೂ ಮೂಲಕ ಬರೆಯಲು ಬಿಟ್ಟರೆ ಸಂಘದ ಸಂಖ್ಯೆ ಎಲ್ಲಿಂದ ಬರಬೇಕು?

ಕೊನೆಗೆ ಹಳೆಯ ಟೇಬಲ್‌ಗಳನ್ನು ಅಳಿಸುವಾಗ ಒಂದು ಎಚ್ಚರ. ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಡ್ರಾಪ್ ಮಾಡಿದರೆ ಟೇಬಲ್, ಇಂಡೆಕ್ಸ್ ಒಂದೊಂದಕ್ಕೂ ಲಾಕ್ ಬೇಕು, ಮತ್ತೆ ಅದೇ 'ಔಟ್ ಆಫ್ ಶೇರ್ಡ್ ಮೆಮೊರಿ'. ಇನ್ನೂರು ಇನ್ನೂರಾಗಿ ಅಳಿಸಿ, ಪ್ರತಿ ಸಲ ಕಮಿಟ್ ಮಾಡಿ. ಆಮೇಲೆ 'ಪಿಜಿ_ಕ್ಲಾಸ್' ಮತ್ತು 'ಪಿಜಿ_ಆಟ್ರಿಬ್ಯೂಟ್' ಎರಡಕ್ಕೂ ವ್ಯಾಕ್ಯೂಮ್ (ಅಳಿಸಿದ ಸಾಲುಗಳ ಜಾಗ ತೆರವು ಮಾಡುವ ಆಜ್ಞೆ) ಓಡಿಸಿ. 'ವ್ಯಾಕ್ಯೂಮ್ ಫುಲ್' ಬೇಕಾದರೆ ಅದು ಕೆಟಲಾಗನ್ನೇ ಪೂರ್ತಿ ಲಾಕ್ ಮಾಡುತ್ತದೆ, ಹಾಗಾಗಿ ಸಂಜೆ ಹಾಲು ಮುಗಿದ ಮೇಲೆ, ರಾತ್ರಿ ಬ್ಯಾಕಪ್ ಶುರುವಾಗುವ ಮುಂಚೆ ಮುಗಿಸಿಬಿಡಿ.